ಮೆಟ್ಟೂರಿನ ಹಳೇ ಬಲೆ

ಮಾದಮ್ಮನ ಕೊತ್ತಂಬರಿ ಪಾತಿಗೆ ಇದ್ದ ಬಂದೋಬಸ್ತು ಪಾಲಕೋಡಿನ ಸಕ್ಕರೆ ಮಿಲ್ಲಿಗೂ ಇರಲಿಲ್ಲ. ಸುತ್ತ ಸೀಮೆಜಾಲಿ ಮುಳ್ಳು, ಮೇಲೆ ಬಲೆ, ಇಷ್ಟೂ ಸಾಲದೆಂದು ಕಾವಲಿಗೆ ಸೊಸೆ ಶಾಲಿನಿ. ಆದರೂ ಬೆಳಗಾಗುವಷ್ಟರಲ್ಲಿ ಬೀದಿಯ ಬೆಕ್ಕುಗಳು ಮೆತ್ತನೆಯ ಮಣ್ಣು ಕೆದಕಿ, ತಮ್ಮ ಕೆಲಸ ಮುಗಿಸಿ, ಮೊಳಕೆಗಳನ್ನು ಬುಡಮೇಲು ಮಾಡಿ ಹೋಗಿರುತ್ತಿದ್ದವು.

ಶಾಲಿನಿಗೆ ಕೊತ್ತಂಬರಿಯ ಚಿಂತೆ ಅಷ್ಟಕ್ಕಷ್ಟೆ. ಬುಧವಾರ ಮೆಟ್ಟೂರಿನ ಹತ್ತಿರದ ತವರಿನಲ್ಲಿ ಅವಳ ಅವ್ವನಿಗೆ ಕಣ್ಣಿನ ಆಪರೇಷನ್. ನಾಲ್ಕು ವರ್ಷದ ಮಗಳು ಕಾರ್ತಿಕಾಳನ್ನು ಕರೆದುಕೊಂಡು ಹತ್ತು ದಿನ ಇದ್ದು ಬರಬೇಕು. ಆ ಕಡೆ ಮುಖ ಹಾಕಿ ಎರಡು ವರ್ಷವಾಗಿತ್ತು. ಕೇಳಿದಾಗಲೆಲ್ಲ ಅತ್ತೆಯದು ಒಂದೇ ರಾಗ.

“ಬೆಕ್ಕಿನ ಕಾಟ ನಿಲ್ಲಲಿ, ಆಮ್ಯಾಕೆ ಓಗು. ಈ ಮಂಡಿನೋವಲ್ಲಿ ನಾನು ಕಾಯಕಾಯ್ತದಾ?”

ಗಂಡ ಶಂಕರ್ ಶಂಕಗಿರಿಯ ಲಾರಿ ಡ್ರೈವರ್. ನಾಗಪುರ ದಾಟಿದ ಮೇಲೆ ಫೋನಿಗೆ ಸಿಕ್ಕ. “ಅವ್ವ ಏನಂತಾಳೋ ಅಂಗೇ ಮಾಡು ಲೇ,” ಎಂದು ಇಟ್ಟುಬಿಟ್ಟ.

ಬಲೆ ಕಳಿಸಿದವನು ತವರಿನ ಅಣ್ಣ. ಅಣೆಕಟ್ಟಿನಲ್ಲಿ ಮೀನು ಹಿಡಿದು ಹಿಡಿದು ಹಳತಾದ ಬಲೆ. ಅದೇ ತಪ್ಪಾಯಿತು. “ಮೀನು ನಾತದ ಬಲೆ ಕಟ್ಟಿ ಬೆಕ್ಕುಗೊಳ್ಗೆ ವಿರುಂದು ಊಟ ಇಕ್ಕವ್ಳೆ,” ಎಂದು ಮಾದಮ್ಮ ಬೀದಿಗೆಲ್ಲ ಕೇಳುವಂತೆ ಅಂದಳು. ಶಾಲಿನಿ ನಾಚಿಕೆಯಿಂದ ಬಲೆಯನ್ನು ಸೋಪಿನಪುಡಿ ಹಾಕಿ ಮೂರು ಸಲ ಒಗೆದು, ಒಣಗಿಸಿ, ಮತ್ತೆ ಕಟ್ಟಿದಳು. ಅಂಗೈ ಬಿರಿಯಿತೇ ಹೊರತು ಬೆಕ್ಕು ನಿಲ್ಲಲಿಲ್ಲ. ಅಡುಗೆಮನೆ, ಹಿತ್ತಲು, ಮತ್ತೆ ಅಡುಗೆಮನೆ.

ಸೋಮವಾರ ನಸುಕಿಗೇ ಎದ್ದವಳು ಹಿತ್ತಲ ಬಾಗಿಲಲ್ಲಿ ಹಾಗೇ ನಿಂತಳು. ಮಂಡಿನೋವಿನ ಅತ್ತೆ ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಬಲೆಯ ಮೂಲೆ ಬಿಚ್ಚಿ, ಮಡಿಲಿನಿಂದ ಒಣಮೀನಿನ ತಲೆಗಳನ್ನು ತೆಗೆದು ಒಂದೊಂದಾಗಿ ಮಣ್ಣಿಗೆ ಒತ್ತುತ್ತಿದ್ದಳು.

ಶಾಲಿನಿ ಮರೆಗೆ ಸರಿದಳು. ಅತ್ತೆ ಒಳಗೆ ಹೋದ ಮೇಲೆ ಅಷ್ಟೂ ತಲೆಗಳನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು. ಬಲೆಯನ್ನು ಬಿಗಿದಳು.

“ಇವತ್ತೂ ಕೆದಕೈತಾ?” ಕಾಫಿ ಕುಡಿಯುತ್ತ ಮಾದಮ್ಮ ಕೇಳಿದಳು.

“ಇಲ್ಲ ಅತ್ತೆ. ಒಂದು ಬೆಕ್ಕೂ ಬಂದಿಲ್ಲ.”

“ಬರದೆ ಎಲ್ಲೋಯ್ತದೆ? ಸರಿಯಾಗಿ ನೋಡು, ಬಂದಿರ್ತದೆ.”

ಶಾಲಿನಿ ಸೆರಗಿನ ಗಂಟು ಬಿಚ್ಚಿ ಮೀನಿನ ತಲೆಗಳನ್ನು ಕಾಫಿ ಲೋಟದ ಪಕ್ಕ ಸುರಿದಳು.

ಮಾದಮ್ಮ ಲೋಟವನ್ನು ಆಚೆಗೆ ಸರಿಸಿದಳು. “ದೊಡ್ಡೋನ ಹೆಂಡ್ತಿ ತಮಿಳ್‌ಸೆಲ್ವಿನೂ ಪತ್ತು ನಾಳ್, ಹತ್ತೇ ದಿನ ತವರಲ್ಲಿದ್ದು ಬತ್ತೀನಿ ಅಂದ್ಲು. ಮಗೀನ ಸೊಂಟದ ಮ್ಯಾಗೆ ಕೂರ್ಸ್ಕೊಂಡು ಬಸ್ಸತ್ತಿದ್ಲು. ಐದು ವರ್ಸ ಆಯ್ತು, ತಿರುಗಿ ಬರ್ಲೇ ಇಲ್ಲ. ಆ ಮೊಮ್ಮಗನ ಮುಖಾನೇ ಮರ್ತೋಗೈತೆ ನಂಗೆ.”

“ನಾನು ಬಂದೇ ಬತ್ತೀನಿ ಅತ್ತೆ. ಅವ್ವನ ಕಣ್ಣು...”

“ಓಗು.”

ಶಾಲಿನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕಣ್ಣು ತುಂಬಿ ಬಂತು.

“ಬುಧವಾರ ಯಾಕೆ, ನಾಳೇನೇ ಓಗು,” ಎಂದಳು ಮಾದಮ್ಮ. “ಮಗೀನ ಮಾತ್ರ ಇಲ್ಲೇ ಬುಟ್ಟೋಗು.”

ನಿದ್ದೆಗಣ್ಣಲ್ಲಿ ಎದ್ದು ಬಂದ ಕಾರ್ತಿಕಾ ದಿನದಂತೆ ಅಜ್ಜಿಯ ಮಡಿಲೇರಿ ಕೂತಿದ್ದಳು. ಮಾದಮ್ಮ ಅವಳ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಹಿತ್ತಲಲ್ಲಿ ಬೆಕ್ಕೊಂದು ಗೋಡೆಯಿಂದ ಧೊಪ್ಪನೆ ಇಳಿದ ಸದ್ದಾಯಿತು. ಓಡಿಸಲು ಇಬ್ಬರೂ ಏಳಲಿಲ್ಲ.