ಮಾವನ ಗಾಡಿ, ಸೊಸೆಯ ಕತ್ತರಿ

ಬೀದಿಯ ತಿರುವಿನಲ್ಲಿ ಕೆಮ್ಮು ಕೇಳಿದ್ದೇ ತಡ, ನಾಗಲಕ್ಷ್ಮಿ ಒಂದು ತೋಳು ತೊಟ್ಟು ಇನ್ನೊಂದು ತೋಳು ಜೋತಾಡುತ್ತಿದ್ದ ರವಿಕೆಯಲ್ಲೇ ಉಗ್ರಾಣಕ್ಕೆ ಹಾರಿದಳು. ಹಾರುವ ಭರದಲ್ಲಿ ಗುಂಡುಪಿನ್ನೊಂದು ಚುಚ್ಚಬಾರದ ಕಡೆ ಚುಚ್ಚಿತು.

"ಅಯ್ಯಯ್ಯಪ್ಪೋ! ನಿಮ್ಮಾವ ಬಂದ್ರು ಕಣಕ್ಕ!"

"ಇನ್ನೂ ಇಲ್ಲ ಕಣಮ್ಮಿ. ಇದು ಬೀದಿ ಕೆಮ್ಮು. ಜಗುಲಿ ಕೆಮ್ಮು ಬ್ಯಾರೆ, ವಸಿ ಗಟ್ಟಿ ಇರ್ತದೆ" ಎಂದಳು ಶಶಿರೇಖಾ, ತುಟಿಯಲ್ಲಿ ಕಚ್ಚಿದ್ದ ಪಿನ್ನುಗಳ ಸಂದಿಯಿಂದಲೇ.

ಹೊಲಿಗೆ ಮಿಷನ್ನು ನಡುಮನೆಯಲ್ಲಿತ್ತು. ಮಾವ ದೊಡ್ಡಮಲ್ಲಪ್ಪನವರು ಮರ್ಯಾದಸ್ಥರು. ಹೆಂಗಸರು ಅಳತೆ ಕೊಡುವ ಹೊತ್ತಿಗೆ ಒಳಗೆ ಕಾಲಿಡಬಾರದೆಂದು ತಮ್ಮ ಮನೆಗೆ ತಾವೇ ಕೆಮ್ಮಿಕೊಂಡು ಬರುತ್ತಿದ್ದರು. ಇಲ್ಲದ ಕಾಯಿಲೆಗೆ ಊರವರು ಆಡುಸೋಗೆ ಸೊಪ್ಪಿನ ಕಷಾಯ ತಂದುಕೊಡುವ ಮಟ್ಟಕ್ಕೆ ಅದು ಬಂದಿತ್ತು.

ಉಗ್ರಾಣದಿಂದ ರಾಗಿಹಿಟ್ಟು ಮೆತ್ತಿಕೊಂಡು ಹೊರಬಂದ ನಾಗಲಕ್ಷ್ಮಿ ಮುಖ ಊದಿಸಿದಳು. "ನಮ್ಮಕ್ಕನ ಮಗಳ ಮದ್ವೇಗೆ ಮನೆಮಂದಿ ರವಿಕೆಯೆಲ್ಲ ನಿಂಗೇ ಕೊಡದು ಅಂತಿದ್ದೊ ಶಶಿಯಕ್ಕ. ಆದ್ರೆ ಮದ್ವೆ ಹೆಣ್ಣ ಉಗ್ರಾಣಕ್ಕೆ ನುಗ್ಸಕಾಯ್ತದಾ? ಗುಂಡ್ಲುಪೇಟೇಲಿ ಕನ್ನಡಿ, ಪರದೆ ಎಲ್ಲಾ ಇರ ಅಂಗಡಿ ಅದೆ. ನೀನೊಂದು ರೂಮು ಮಾಡ್ಕ, ಇಲ್ದಿದ್ರೆ ನಾವು ಅಲ್ಲಿಗೇ ಓಯ್ತೀವಿ."

ರೂಮು ಹಿತ್ತಲಲ್ಲೇ ಇತ್ತು. ಶೀಟು ಹೊದಿಸಿದ ಕೊಟ್ಟಿಗೆ. ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದು ಬಹಳ ಕಾಲವಾಗಿದ್ದರೂ ಗಾಡಿ ಮಾತ್ರ ಅಲ್ಲೇ, ಈಗಲೋ ಆಗಲೋ ಯಾರೋ ಬಂದು ಹೂಡುತ್ತಾರೆಂಬಂತೆ ನೊಗ ಕಟ್ಟುವ ಮೂಕಿ ಚಾಚಿಕೊಂಡು ನಿಂತಿತ್ತು. ಹೊಲ ಮಾವನದು, ಹೊಲಿಗೆ ಸೊಸೆಯದು ಎಂದು ಮನೆ ಎಂದೋ ಪಾಲಾಗಿತ್ತು. ಕೊಟ್ಟಿಗೆ ಮಾತ್ರ ಗಾಡಿಯ ಪಾಲು.

"ಗಾಡಿ ಎಲ್ಲಿ ಮಡಗದು?" ಎಂಬುದು ಮಾವನ ಒಂದೇ ಮಾತು. "ಆಚೆ ಬುಟ್ರೆ ಗೆದ್ಲು ತಿಂತದೆ."

"ನಿಮ್ಮ ತಲೆ ಮ್ಯಾಲೆ ಮಡೀಕಳಿ" ಎಂಬುದು ಅತ್ತೆ ಚಿಕ್ಕಮಲ್ಲಮ್ಮನ ಒಂದೇ ಉತ್ತರ.

ಗಂಡ ಮಾದೇಶ್ ಕೇರಳಕ್ಕೆ ತರಕಾರಿ ಲಾರಿ ಓಡಿಸುವವನು. ರಾತ್ರಿ ಬಂಡೀಪುರದ ಗೇಟು ಹಾಕುವುದರೊಳಗೆ ದಾಟಬೇಕೆಂಬ ಅವಸರ ಅವನಿಗೆ ಮನೆಯೊಳಗೂ ಇರುತ್ತಿತ್ತು. ಅದೇ ಅವಸರದಲ್ಲಿ ಗಾಡಿ ಕೊಳ್ಳಲೆಂದು ಕಾಡಂಚಿನ ರೆಸಾರ್ಟಿನ ಒಬ್ಬನನ್ನು ಕರೆತಂದ. ಆತ ಚಕ್ರಕ್ಕೆ ಬೆರಳಿನಿಂದ ಟಕಟಕ ಬಡಿದು, "ಎರಡು ಭಾಗ ಮಾಡಿ ನಮ್ಮ ರೆಸಾರ್ಟ್ ಗೇಟಿನ ಆ ಕಡೆ ಅರ್ಧ, ಈ ಕಡೆ ಅರ್ಧ ನಿಲ್ಲಿಸಿ ಹಳದಿ ಪೇಂಟ್ ಹೊಡೆದರೆ ಸೂಪರ್ ಆಗಿರುತ್ತೆ ಸಾರ್. ಮೇಲೆ ಹೂಕುಂಡ" ಎಂದ.

"ಅರ್ಧ ಗಾಡಿ ಯಾವೂರ್ಗೆ ಓಯ್ತದಪ್ಪ?" ಎಂದರು ಮಾವ.

"ಎಲ್ಲಿಗೂ ಹೋಗಲ್ಲ ಸಾರ್. ಸುಮ್ಮನೆ ನಿಂತಿರುತ್ತೆ, ಫೋಟೋಗೆ."

"ಸುಮ್ಕೆ ನಿಂತ್ಕಳಕೆ ನಮ್ಮನೇಲೇ ನೆಳ್ಳು ಅದೆ ಬುಡು."

ರೆಸಾರ್ಟಿನವನು ಹೊರಟುಹೋದ. ಅವನ ಬೆನ್ನಿಗೇ ತನ್ನ ರೂಮೂ ಹೊರಟಿತು ಅನ್ನಿಸಿತು ಶಶಿರೇಖಾಳಿಗೆ.

ಮಾರನೆಯ ಮಧ್ಯಾಹ್ನ ಮಾವ ಕುದೇರಿನ ನೆಂಟರ ಮನೆಗೆ ಹೋದ ಸಮಯ ನೋಡಿ ಅವಳು ಕೊಟ್ಟಿಗೆ ಗುಡಿಸಿದಳು. ಗುಡಿಸಿದರೂ ನೆಲವೆಲ್ಲ ದೂಳು. ನಾಗಲಕ್ಷ್ಮಿ ತಂದಿದ್ದ ಬಟ್ಟೆಯನ್ನು ಗಾಡಿಯ ಹಲಗೆಯ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೀಟೆಳೆದಳು. ಎಳೆಯುತ್ತ ಎಳೆಯುತ್ತ ಏನನ್ನಿಸಿತೋ, ನೋಡುತ್ತ ನಿಂತಿದ್ದ ನಾಗಲಕ್ಷ್ಮಿ ಮತ್ತು ಅತ್ತೆಯ ಎದುರೇ ಗಾಡಿ ಹತ್ತಿ ಮುಂದೆ ಕುಳಿತು ಅಳತೆಪಟ್ಟಿಯನ್ನೇ ಬಾರುಗೋಲಿನಂತೆ ಬೀಸಿದಳು.

"ಹೇಯ್, ಹೇಯ್! ಬಲಕ್ಕೆ ತಿರುಗ್ಲಾ! ಏನಪ್ಪ ರೆಸಾರ್ಟು, ಅರ್ಧ ಗಾಡಿ ಯಾವೂರ್ಗೆ ಓಯ್ತದಪ್ಪ?" ಮಾವನದೇ ಗಂಟಲು, ಮಾವನದೇ ಹುಬ್ಬು. ನಾಗಲಕ್ಷ್ಮಿ ನೆಲಕ್ಕೆ ಕುಸಿದು ನಕ್ಕಳು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಷ್ಟರಲ್ಲಿ ಒಂದು ಕೆಮ್ಮು.

"ಥೇಟ್ ಅವ್ರಂಗೇ ಕಣಮ್ಮಿ! ಇನ್ನೊಂದ್ಸಲ ಕೆಮ್ಮು!" ಎಂದರು ಅತ್ತೆ.

"ನಾನ್ ಕೆಮ್ನಿಲ್ಲ ಅತ್ತೆ..."

ಬಾಗಿಲಲ್ಲಿ ದೊಡ್ಡಮಲ್ಲಪ್ಪನವರು ನಿಂತಿದ್ದರು. ನಾಗಲಕ್ಷ್ಮಿ ಅಭ್ಯಾಸಬಲದಿಂದ ಉಗ್ರಾಣ ಹುಡುಕಿದಳು. ಕೊಟ್ಟಿಗೆಯಲ್ಲಿ ಅದೆಲ್ಲಿ ಬರಬೇಕು? ಶಶಿರೇಖಾ ಗಾಡಿಯಿಂದ ಇಳಿಯಲೂ ಆಗದೆ ಕೂರಲೂ ಆಗದೆ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದಳು.

"ಹೇಯ್ ಅಂದ್ರೆ ತಿರುಗಕಿಲ್ಲ" ಎಂದರು ಮಾವ. "ಎತ್ತು ಬೆದರ್ತದೆ, ಅಷ್ಟೆ. ತಿರುಗ್ಸಕೆ ನಾಲ್ಗೆ ಅಂಗುಳ್ಗೆ ಕೊಟ್ಟು ಲೊಟ್ಟೆ ಹೊಡೀಬೇಕು. ಇಂಗೆ." ಹೊಡೆದರು: ಟ್ಳಕ್.

ಆಮೇಲೆ ಅವರ ಕಣ್ಣು ಹಲಗೆಯ ಮೇಲಿನ ಬಟ್ಟೆಗೆ ಬಿತ್ತು.

"ಅದೇನವ್ವ ಗೀಟು?"

"ರವಿಕೆ ಬೆನ್ನು, ಮಾವ. ಕತ್ತರ್ಸಕೆ."

"ನೀನು ನೆಲದ ಮ್ಯಾಲೆ ಕುಕ್ಕರ್ಸ್ಕಂಡು ಕತ್ತರ್ಸ್ತಿದ್ದೆ. ದಿನಾ ಸಂಜೆ ಸೊಂಟಕ್ಕೆ ಎಣ್ಣೆ ಹಚ್ಚುಸ್ಕತಿದ್ದೆ ನಿಮ್ಮತ್ತೆ ಕೈಲಿ."

"ಇಲ್ಲಿ ಬಗ್ಗಂಗೇ ಇಲ್ಲ ಮಾವ. ನಿಂತ್ಕಂಡೇ..." ಅವಳ ಬಾಯಿಂದ ತಾನಾಗಿ ಬಂದುಬಿಟ್ಟಿತು. ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

ಮಾವ ಹಲಗೆಯ ಮೇಲೆ ಅಂಗೈ ಊರಿ ನೋಡಿದರು. "ಮುಂದ್ಕೆ ವಾಲ್ಕಂಡದಲ್ಲವ್ವ. ಕತ್ತರಿ ಜಾರ್ತದೆ." ಹೊರಗೆ ಹೋದರು. ಕಲ್ಲು ಉರುಳುವ ಸದ್ದು. ಅತ್ತೆಯ ಹಳೆಯ ಒರಳುಕಲ್ಲನ್ನು ತಂದು, ಮೂಕಿಯನ್ನು ಹೆಗಲು ಕೊಟ್ಟು ಎತ್ತಿ ಅದರ ಮೇಲೆ ಕೂರಿಸಿದರು. ಚೊಂಬಿಗೆ ಅಂಚುಮಟ್ಟ ನೀರು ತುಂಬಿಸಿ ಹಲಗೆಯ ಮೇಲೆ ಇಡಿಸಿದರು. ಹಿಂದಕ್ಕೆ ತುಳುಕಿತು. ಮೂಕಿಯನ್ನು ಒಂದಿಷ್ಟು ಇಳಿಸಿ, ಕಲ್ಲು ಸರಿಸಿ ಮತ್ತೆ ಇಟ್ಟರು. ಈ ಸಲ ತುಳುಕಲಿಲ್ಲ.

"ಈಗ ಕತ್ತರ್ಸು."

ಕತ್ತರಿ ಬಟ್ಟೆಯನ್ನು ಹಾಯಿತು, ಒಂದೇ ಉಸಿರಿಗೆ.

ಆಮೇಲಿನದೆಲ್ಲ ಹಬ್ಬ. ಮಾದೇಶ್ ಮಿಷನ್ ಹೊತ್ತು ತಂದು ಕಿಟಕಿಯ ಬೆಳಕಿಗೆ ಇಟ್ಟ. "ನನ್ನ ಲಾರಿಗೂ ಇಷ್ಟು ಸಿಂಗಾರ ಇಲ್ಲವಲ್ಲವ್ವ" ಎಂದು ಅವ್ವನ ಹತ್ತಿರ ಹೊಟ್ಟೆಕಿಚ್ಚು ಪಟ್ಟ. ಗಾಡಿಯ ಗೂಟಗಳಿಗೆ ನೂಲುಂಡೆಗಳು ಬಂದು ಕೂತವು. ನೊಗವನ್ನು ಮಾವನೇ ತೊಲೆಯಿಂದ ಇಳಿಬಿಟ್ಟು, ಅತ್ತೆಯ ಹಳೆಯ ಸೀರೆಯನ್ನು ಅದಕ್ಕೆ ಪರದೆಯಾಗಿ ಕಟ್ಟಿದರು. ಎರಡು ಎತ್ತುಗಳ ಕತ್ತಿದ್ದ ಜಾಗದಲ್ಲಿ ಎರಡು ಹ್ಯಾಂಗರು. ಸೋಮವಾರ ಅತ್ತೆ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟರೆ, ಮಾವ ಚಕ್ರಕ್ಕೆ ವಿಭೂತಿ ಬಳಿದರು.

ಮದುವೆ ಹೆಣ್ಣು ಬಂದಳು. ಜೊತೆಗೆ ಅವಳ ಕಡೆಯ ಹೆಂಗಸರೆಲ್ಲ. ಪರದೆಯ ಹಿಂದೆ ನಗು, ಗಾಡಿಯ ಮೇಲೆ ರೇಷ್ಮೆ, ಉಗ್ರಾಣದಲ್ಲಿ ಬರೀ ರಾಗಿಹಿಟ್ಟು. ಮಾವ ಈಗ ಕೆಮ್ಮದೆ ನೇರ ನಡುಮನೆಗೆ ಬಂದು ಕೂರುತ್ತಿದ್ದರು. ಕೆಮ್ಮು ಕೇಳದೆ ಗಾಬರಿಯಾದ ಊರವರು ಮತ್ತೆ ಕಷಾಯ ತಂದರು.

ಎಲ್ಲರೂ ಹೋದ ಮೇಲೆ, ಸಂಜೆ ಮಾವ ಕೊಟ್ಟಿಗೆಗೆ ಬಂದರು. ಮಿಷನ್ ಎಣ್ಣೆಯ ಡಬ್ಬಿ ಕೇಳಿ ತೆಗೆದುಕೊಂಡು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತರು.

"ನಿಂತಿರ ಗಾಡಿಗೆ ಎಣ್ಣೆ ಯಾತಕ್ಕೆ?" ಎಂದರು ಅತ್ತೆ, ಬಾಗಿಲಿಂದ.

ಮಾವ ಚಕ್ರದ ನಡುವಿನ ಗುಂಬಕ್ಕೆ ತೊಟ್ಟು ತೊಟ್ಟು ಬಿಟ್ಟರು. ಶಶಿರೇಖಾ ಪೆಡಲು ತುಳಿಯುತ್ತಿದ್ದಳು. ಮದುವೆ ರವಿಕೆಯ ಕತ್ತಿನ ಸುತ್ತು ಬಂತು. ಬಟ್ಟೆಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸುವಾಗ ಅವಳ ನಾಲಿಗೆ ತನ್ನ ಪಾಡಿಗೆ ತಾನು ಅಂಗುಳಕ್ಕೆ ಹೊಡೆಯಿತು: ಟ್ಳಕ್.

ಮಾವ ತಲೆಯೆತ್ತಿದರು. ಆಮೇಲೆ ಎದ್ದು, ಗಾಡಿ ಹೊರಟೇಬಿಟ್ಟೀತು ಎಂಬಂತೆ, ಚಕ್ರಕ್ಕೆ ಒತ್ತು ಕೊಟ್ಟಿದ್ದ ಕಲ್ಲನ್ನು ಹಿಮ್ಮಡಿಯಿಂದ ಇನ್ನಷ್ಟು ಒಳಕ್ಕೆ ತಳ್ಳಿದರು.