ಮ್ಯೂರಿಯಲ್ ಇಸ್ತ್ರಿ ಮಾಡಿದ ಜಾಕೆಟ್ಟುಗಳು

ವಿಲ್ಫ್ರೆಡ್ ಇಸ್ತ್ರಿಪೆಟ್ಟಿಗೆಯನ್ನು ಹಳದಿ ಜಾಕೆಟ್ಟಿನ ಬೆಳ್ಳಿಪಟ್ಟಿಯ ಮೇಲಿಟ್ಟು ಬಲವಾಗಿ ಒತ್ತಿದ. ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಅಡುಗೆಮನೆ ತುಂಬ ಹರಡಿತು. ಈ ಮನೆಯಲ್ಲಿ ಅದು ಸೋಮವಾರದ ವಾಸನೆ. ಇವತ್ತು ಗುರುವಾರ. ಇಸ್ತ್ರಿ ಮಾಡಬೇಕಾದ ಹೆಂಡತಿ ಶವಪೆಟ್ಟಿಗೆಯಲ್ಲಿ ಮಲಗಿದ್ದಳು.

“ಮೂರು ಗಂಟೆಗೆಲ್ಲ ಜನ ಸೇರ್ತಾರೆ. ನೀನಿನ್ನೂ ಟೈ ಕೂಡ ಕಟ್ಟಿಲ್ಲ,” ಎಂದಳು ಎನಿಡ್, ಸತ್ತ ಮ್ಯೂರಿಯಲ್‌ಳ ಅಕ್ಕ. ಬಂದಾಗಿನಿಂದ ಅವಳ ಬಾಯಿಗೆ ಬಿಡುವಿರಲಿಲ್ಲ.

“ಇನ್ನು ಎರಡು ಜಾಕೆಟ್ಟಿದೆ.”

“ಸುಕ್ಕಿದ್ರೆ ಯಾರು ನೋಡ್ತಾರೆ ಮಾರಾಯ?”

“ಮ್ಯೂರಿಯಲ್ ನೋಡ್ತಿದ್ಲು.”

“ನೋಡ್ತಿದ್ಲು! ಅದನ್ನ ನೋಡೀ ನೋಡೀನೇ ಬೆನ್ನು ಬಗ್ಗಿಸ್ಕೊಂಡ್ಲು. ಒಂದು ದಿನ ಆದ್ರೂ ಆ ವಿಮಾನ ಕ್ಲಬ್ಬಿನ ದೊಡ್ಡ ಮನುಷ್ಯರು ಅವಳನ್ನ ವಿಮಾನದಲ್ಲಿ ಕೂರಿಸ್ಕೊಂಡು ಹೋದ್ರಾ? ಚಹಾ ಮಾಡು, ಬಟ್ಟೆ ಒಗಿ. ಅಷ್ಟೇ.”

ವಿಲ್ಫ್ರೆಡ್ ಜಾಕೆಟ್ಟನ್ನು ಮಗ್ಗುಲು ತಿರುಗಿಸಿದ. ಕೆಲವು ವಾರಗಳ ಹಿಂದೆ, ಸಂಜೆ ಮಬ್ಬಿನಲ್ಲಿ, ಮ್ಯೂರಿಯಲ್ ಇವೇ ಹನ್ನೆರಡು ಜಾಕೆಟ್ಟುಗಳನ್ನು ಚೀಲಕ್ಕೆ ತುಂಬಿ, ಇನ್ನೊಂದನ್ನು ಕೋಟಿನ ಮೇಲೆ ತೊಟ್ಟು ವಿಮಾನ ಮೈದಾನಕ್ಕೆ ಹೊರಟಿದ್ದಳು. ತಿರುವಿನಲ್ಲಿ ಬ್ರಯೊನಿ ಎಂಬ ಹುಡುಗಿಯ ಕಾರು ಅವಳನ್ನು ಹೊಡೆದು ಕಾಲುವೆಗೆ ಕೆಡವಿತು. ಮೈಮೇಲಿದ್ದ ಜಾಕೆಟ್ಟನ್ನು ಆಂಬುಲೆನ್ಸಿನವರು ಕತ್ತರಿಸಿ ತೆಗೆದರು, ಅದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಚೀಲ ಮಾತ್ರ ಕೆಸರಾಗಿ ಮನೆಗೆ ಮರಳಿತು. ಏನೂ ಕಾಣಲಿಲ್ಲ ಎಂದಳಂತೆ ಹುಡುಗಿ. ಹಳದಿ ಜಾಕೆಟ್ಟು ತೊಟ್ಟ ಹೆಂಗಸು ಕಾಣಲಿಲ್ಲವಂತೆ! ಫೋನು ನೋಡುತ್ತಿದ್ದಳು, ಇನ್ನೇನು. ಬರುವ ತಿಂಗಳು ಕೋರ್ಟಿನಲ್ಲಿ ನಿಂತು ಅದನ್ನು ಹೇಳಿ, ಅವಳನ್ನು ಜೈಲಿಗೆ ಕಳಿಸಿದ ಮೇಲೆಯೇ ತನಗೆ ಸಮಾಧಾನ ಎಂದು ವಿಲ್ಫ್ರೆಡ್ ಹಲ್ಲು ಕಚ್ಚಿ ಕಾದಿದ್ದ.

ಆದರೆ ತನಿಖೆ ಮುಗಿದು ಶವ ಕೊನೆಗೂ ಕೈಗೆ ಸಿಕ್ಕಿತ್ತು, ಇವತ್ತು ಮ್ಯೂರಿಯಲ್‌ಳ ದಿನ. ವಿಮಾನದ ಶೆಡ್ಡಿನಲ್ಲಿ ಪ್ರಾರ್ಥನೆ. ಆಮೇಲೆ ಕ್ಲಬ್ಬಿನ ಹನ್ನೆರಡು ಪೈಲಟ್ಟುಗಳು ಅವಳ ಕೈಯ ಈ ಜಾಕೆಟ್ಟುಗಳನ್ನೇ ತೊಟ್ಟು ರಸ್ತೆಯ ಎರಡೂ ಬದಿ ಸಾಲಾಗಿ ನಿಲ್ಲಬೇಕು, ಅವಳು ನಡುವೆ ಹಾದು ಹೋಗಬೇಕು. ಹೆಂಡತಿಗಾಗಿ ಅವನು ಯಾರ ಬಳಿಯಾದರೂ ಏನನ್ನಾದರೂ ಕೇಳಿದ್ದು ಇದೊಂದೇ ಸಲ.

*

ಬೆಳಕು ಬಿದ್ದರೆ ಮಿಂಚುವ ಪಟ್ಟಿಯ ಹಳದಿ ಜಾಕೆಟ್ಟು ತೊಡಲೇಬೇಕೆಂಬ ನಿಯಮ ವಿಮೆಯವರ ಒತ್ತಾಯಕ್ಕೆ ಮೈದಾನದಲ್ಲಿ ಬಂದಾಗ ಪೈಲಟ್ಟುಗಳು ಸಿಟ್ಟಿನಿಂದ ಕುಣಿದಾಡಿದ್ದರು. ನಾವೇನು ರಸ್ತೆ ಅಗೆಯುವವರಾ, ಚರಂಡಿ ತೋಡುವವರಾ ಎಂದು ಜಾಕೆಟ್ಟುಗಳನ್ನು ಗೇಟಿನ ಬಳಿಯ ಪೆಟ್ಟಿಗೆಗೆ ಬಿಸಾಡಿ ಹೋಗುತ್ತಿದ್ದರು. ನಾಲ್ಕು ಮಳೆಗೆ ಆ ಪೆಟ್ಟಿಗೆ ಒದ್ದೆ ನಾಯಿಯ ಹಾಗೆ ನಾರತೊಡಗಿತು.

ಕ್ಲಬ್ಬಿನ ಗೂಡಿನಲ್ಲಿ ಚಹಾ ಕಾಸುತ್ತಿದ್ದ ಮ್ಯೂರಿಯಲ್ ಅವನ್ನೆಲ್ಲ ಮನೆಗೆ ಹೊತ್ತು ತಂದಳು. ಒಗೆದಳು, ಒಣಗಿಸಿದಳು. ಕುತ್ತಿಗೆಗೆ ಚುಚ್ಚುತ್ತದೆಂದು ಒಳಗೆ ಹೊಲಿದಿದ್ದ ಚೀಟಿಗಳನ್ನು ಒಂದೊಂದಾಗಿ ಕತ್ತರಿಸಿದಳು. ಗರಿಗರಿಯಾಗಿ ಇಸ್ತ್ರಿ ಮಾಡಿ ಗೇಟಿನ ಮೊಳೆಗಳಿಗೆ ನೇತುಹಾಕಿದಳು. ಅಂದಿನಿಂದ ಗೇಟು ಅವಳದಾಯಿತು. ಹಳದಿ ತೊಡದವನು ವಿಮಾನದ ಒಡೆಯನೇ ಆಗಲಿ, ಹುಲ್ಲಿನ ಮೇಲೆ ಕಾಲಿಡುವ ಹಾಗಿಲ್ಲ. ವಿಮಾನ ಹತ್ತಲು ಬಂದ ಮಕ್ಕಳಿಗೆ ಮೊಣಕಾಲು ದಾಟುವ ಜಾಕೆಟ್ಟು ತೊಡಿಸಿ ಭುಜ ತಟ್ಟುತ್ತಿದ್ದಳು. “ಈಗ ನೀನು ಆಕಾಶದಿಂದಲೂ ಕಾಣ್ತೀಯ, ಹೋಗು.”

ವಾರವಾರವೂ ಜಾಕೆಟ್ಟುಗಳು ಹೊಲಸಾಗಿ ಬರುತ್ತಿದ್ದವು. ಎಂಜಿನ್ ಎಣ್ಣೆ, ಸಾಸು. ಒಮ್ಮೆ ಬೀಟ್‌ರೂಟಿನ ಕಲೆ, ಎದೆಯುದ್ದಕ್ಕೂ. ಚಳಿಗಾಲದಲ್ಲಿ ತಣ್ಣೀರಿಗೆ ಕೈಯಿಟ್ಟು ಉಜ್ಜಿ ಉಜ್ಜಿ ಅವಳ ಬೆರಳಗಂಟು ಒಡೆದು ರಕ್ತ ಬಂತು. ಕಲೆ ಹೋದ ಜಾಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ವಿಲ್ಫ್ರೆಡ್‌ನನ್ನು ಕರೆದಳು. “ನೋಡು, ಎಲ್ಲಿತ್ತು ಹೇಳು ನೋಡೋಣ!” ಅವನು ಪೇಪರಿನಿಂದ ತಲೆಯೆತ್ತದೆ ಹೂಂ ಎಂದಿದ್ದ.

*

ಶೆಡ್ಡಿನಲ್ಲಿ ಎರಡು ವಿಮಾನಗಳನ್ನು ಪಕ್ಕಕ್ಕೆ ತಳ್ಳಿ ನಡುವೆ ಶವಪೆಟ್ಟಿಗೆ ಇಟ್ಟಿದ್ದರು. ಪಾದ್ರಿ ಅವಳನ್ನು ಎರಡು ಸಲ ಮಾರ್ಗರೆಟ್ ಎಂದು ಕರೆದು ಪ್ರಾರ್ಥನೆ ಮುಗಿಸಿದರು. ಆಗ ಬಾಗಿಲಲ್ಲಿ ಒಬ್ಬ ಹುಡುಗಿ ಕಾಣಿಸಿಕೊಂಡಳು. ಕೈಯಲ್ಲಿ ಬಿಳಿ ಹೂವಿನ ಗೊಂಚಲು, ಕೋಟಿನ ಮೇಲೆ ಪೆಟ್ರೋಲ್ ಬಂಕಿನಲ್ಲಿ ಮಾರುವಂಥ ಹೊಸ ಹಳದಿ ಜಾಕೆಟ್ಟು.

ಅದು ಬ್ರಯೊನಿ ಎಂದು ಗುರುತು ಸಿಕ್ಕಿ ವಿಲ್ಫ್ರೆಡ್‌ನಿಗೆ ಮೈಯೆಲ್ಲ ಉರಿಯಿತು. ಅವನು ನೆಟ್ಟಗೆ ಅವಳ ಬಳಿ ನಡೆದ.

“ನಾಚಿಕೆ ಆಗಲ್ವೇನೇ? ಇದನ್ನ ಹಾಕ್ಕೊಂಡು ಅಣಕಿಸೋಕೆ ಬಂದ್ಯಾ?”

“ಇಲ್ಲ ಸಾರ್.” ಬ್ರಯೊನಿ ಹೂವನ್ನು ಎದೆಗೆ ಒತ್ತಿಕೊಂಡಳು. “ನಾನೀಗ ಕಾರ್ ಮುಟ್ಟಲ್ಲ. ಎಲ್ಲಿಗೂ ನಡ್ಕೊಂಡೇ ಹೋಗೋದು. ಅದಕ್ಕೆ...”

“ನನ್ನ ಹೆಂಡ್ತೀನೂ ನಡ್ಕೊಂಡೇ ಹೋಗ್ತಿದ್ಲು! ಅವಳ ಮೈಮೇಲೂ ಹಳದಿ ಇತ್ತು! ನಿನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತಾ?”

“ದೇವರಾಣೆ ಕಾಣ್ಲಿಲ್ಲ ಸಾರ್. ದೀಪ ಹಾಕಿದ್ದೆ, ಫೋನು ಬ್ಯಾಗಲ್ಲಿತ್ತು. ಒಂದು ಚೂರೂ ಮಿಂಚ್ಲಿಲ್ಲ. ರಸ್ತೆ ಬರೀ ಕಪ್ಪಗಿತ್ತು.”

“ಹೆಣದ ಮುಂದೆ ಸುಳ್ಳು ಹೇಳ್ತೀಯಾ?”

ಅವನು ಹೂವನ್ನು ಕಿತ್ತುಕೊಂಡು ಹೊರಗೆಸೆದ. ಪೈಲಟ್ಟುಗಳು ಒಬ್ಬೊಬ್ಬರೂ ತಮ್ಮ ಬೂಟುಗಳನ್ನೇ ನೋಡುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷ ಜೈಲ್ಸ್ ಬಂದು ಹುಡುಗಿಯ ಮೊಣಕೈ ಹಿಡಿದು, “ಇದು ನಿನಗೆ ಜಾಗ ಅಲ್ಲಮ್ಮ, ನಡಿ,” ಎಂದು ಮೃದುವಾಗಿಯೇ ಹೊರಗೆ ದಾಟಿಸಿದ. ಅವಳು ಹುಲ್ಲಿನ ಮೇಲೆ ಮಂಡಿಯೂರಿ ಚೆಲ್ಲಿದ ಹೂಗಳನ್ನು ಆಯ್ದುಕೊಂಡು, ಅಳುತ್ತಾ ತಿರುವಿನ ಕಡೆಗೆ ಹೋದಳು.

“ಚೆನ್ನಾಗಿ ಮಾಡಿದೆ,” ಎಂದಳು ಎನಿಡ್. ವಿಲ್ಫ್ರೆಡ್‌ನನ್ನು ಅವಳು ಮೆಚ್ಚಿದ್ದು ಅದೇ ಮೊದಲು.

ಡಿಸೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೇ ಕತ್ತಲಾಗುತ್ತದೆ, ಬೆಳಕು ಆಗಲೇ ಇಳಿಯುತ್ತಿತ್ತು. ಎನಿಡ್ ಕಾರಿನಲ್ಲಿ ಹೋಗಿ ಕೂತಳು. ವಿಲ್ಫ್ರೆಡ್ ಚೀಲ ತೆರೆದು ಜಾಕೆಟ್ಟುಗಳನ್ನು ಹಂಚತೊಡಗಿದ. ವಿಮಾನ ರಿಪೇರಿಯ ಮುದುಕ ಕ್ಲೆಮ್ ಕೈಯೊಡ್ಡಲಿಲ್ಲ.

“ಹಗಲಾಗಿದ್ರೆ ಹಾಕ್ಕೋತಿದ್ದೆ ವಿಲ್ಫ್. ಈಗ ರಸ್ತೇಲಿ ನಿಲ್ಬೇಕು, ಮಂಜು ಬೇರೆ. ಎಲ್ಲರಿಗೂ ಒಳ್ಳೇವನ್ನೇ ತರ್ತೀನಿ ಇರು.”

“ಒಳ್ಳೇವು ಅಂದ್ರೆ?”

ಜೈಲ್ಸ್ ಕೆಮ್ಮಿದ. ಕ್ಲೆಮ್‌ನ ಮುಖ ಕಪ್ಪಿಟ್ಟಿತು.

“ಒಳ್ಳೇವು ಅಂದ್ರೆ ಏನು ಕ್ಲೆಮ್?”

ಕ್ಲೆಮ್ ತಲೆ ತುರಿಸಿಕೊಂಡು, ಹಿಂದಿನ ಕಬ್ಬಿಣದ ಬೀರು ತೆರೆದು ಒಂದು ಜಾಕೆಟ್ಟು ಎಳೆದ. ಮುದುಡಿ ಮುದ್ದೆಯಾಗಿತ್ತು. ಅದರ ಮೇಲೆ ಟಾರ್ಚು ಬಿಟ್ಟ. ಪಟ್ಟಿ ಕಣ್ಣು ಕುಕ್ಕುವಂತೆ ಬೆಳ್ಳಗೆ ಉರಿಯಿತು. ಆಮೇಲೆ ವಿಲ್ಫ್ರೆಡ್‌ನ ಕೈಯಲ್ಲಿದ್ದುದರ ಮೇಲೆ ಬಿಟ್ಟ. ಅಲ್ಲಿದ್ದದ್ದು ಪಾತ್ರೆ ಒರೆಸುವ ಬಟ್ಟೆಯಂಥ ಬೂದು ಪಟ್ಟಿ.

“ಇಸ್ತ್ರಿ ಬಿಸಿಗೆ ಪಟ್ಟಿ ಸತ್ತೋಗುತ್ತೆ, ಕತ್ತಲಲ್ಲಿ ಬರೀ ಹಳದಿ ಕಾಣಲ್ಲ. ಇಸ್ತ್ರಿ ಮಾಡ್ಬೇಡಿ ಅಂತ ಒಳಗಡೆ ಚೀಟೀಲಿ ಬರೆದಿರ್ತಾರೆ. ಅವಳು ಚೀಟಿ ಕತ್ತರಿಸಿಬಿಟ್ಟಿದ್ಲು.”

“ನಿಮಗೆ ಎಷ್ಟು ದಿನದಿಂದ ಗೊತ್ತು?”

“ವರ್ಷಗಟ್ಲೆ ಆಯ್ತು.”

“ಅವಳಿಗೆ ಹೇಳ್ಲಿಲ್ಲ.”

“ಬೇಜಾರ್ ಮಾಡ್ಕೋತಾಳೆ ಅಂತ ಕಣೋ,” ಎಂದ ಜೈಲ್ಸ್. “ಗೇಟಲ್ಲಿ ಅವಳೆದುರು ಇವನ್ನ ಹಾಕ್ಕೋತಿದ್ವಿ. ಶೆಡ್ಡಿಗೆ ಬಂದು ಬದಲಾಯಿಸ್ತಿದ್ವಿ. ಅವಳಿಗೂ ಖುಷಿ, ನಮಗೂ ತೊಂದ್ರೆ ಇಲ್ಲ.”

“ಗೇಟಿಂದ ಶೆಡ್ಡಿಗೆ ಬರೋದ್ರಲ್ಲಿ ಅಷ್ಟೊಂದು ಕೊಳೆ ಆಗ್ತಿತ್ತಾ? ಎಣ್ಣೆ, ಸಾಸು... ಅದೆಲ್ಲ ಎಲ್ಲಿಂದ ಬಂತು?”

ಹಿಂದಿನಿಂದ ಒಬ್ಬನಿಗೆ ತಡೆಯಲಾಗದೆ ಕಿಸಕ್ಕೆಂದು ನಗು ಬಂತು, ಅವನು ಮೂಗು ಒರೆಸುವ ನಟನೆ ಮಾಡಿದ.

“ಶನಿವಾರ ನಾವೇ ಬಳೀತಿದ್ವಿ,” ಎಂದ ಕ್ಲೆಮ್. “ಒಗೆಯೋಕೆ ಏನಾದ್ರೂ ಇರ್ಲಿ ಅಂತ ಶುರುವಾಯ್ತು. ಆಮೇಲೆ ಅದೊಂದು ಆಟ. ಯಾವ ಕಲೆ ಅವಳ ಕೈಲಿ ಹೋಗಲ್ಲ ಅಂತ ಬಾಜಿ. ಬೀಟ್‌ರೂಟ್ ಕೂಡ ತೆಗೆದುಬಿಟ್ಲು, ಗಟ್ಟಿಗಿತ್ತಿ.”

ವಿಲ್ಫ್ರೆಡ್ ವಿಮಾನದ ರೆಕ್ಕೆಗೆ ಕೈಯೂರಿ ನಿಂತ. ಒಡೆದ ಬೆರಳಗಂಟುಗಳು ಕಣ್ಣ ಮುಂದೆ ಬಂದವು. ಅವನಿಗೆ ಇವರೆಲ್ಲರ ಕತ್ತು ಹಿಸುಕಬೇಕೆನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ.

“ಆ ಹುಡುಗಿ ಹೇಳಿದ್ದು ನಿಜ ಹಾಗಾದ್ರೆ.”

“ಶ್!” ಜೈಲ್ಸ್ ಅವನ ಹೆಗಲ ಮೇಲೆ ಕೈಹಾಕಿದ. “ಕೋರ್ಟಲ್ಲಿ ಇದನ್ನ ಬಾಯಿಬಿಟ್ರೆ ಕ್ಲಬ್ಬಿಗೆ ಬೀಗ. ಅದು ಹಾಳಾಗ್ಲಿ. ಪೇಪರ್‌ನೋರು ಏನು ಬರೀತಾರೆ ಗೊತ್ತಾ? ತಾನೇ ಇಸ್ತ್ರಿ ಮಾಡಿ, ತಾನೇ ಹಾಕ್ಕೊಂಡು, ತಾನೇ ಸತ್ಲು ಅಂತ. ಊರೆಲ್ಲ ನಗುತ್ತೆ ವಿಲ್ಫ್. ಹುಡುಗಿಗಿನ್ನೂ ಸಣ್ಣ ವಯಸ್ಸು, ಒಂದಷ್ಟು ದಿನ ಒಳಗಿದ್ದು ಬರ್ತಾಳೆ. ಮ್ಯೂರಿಯಲ್‌ಗೆ ಉಳಿದಿರೋದು ಒಳ್ಳೆ ಹೆಸರೊಂದೇ. ಯೋಚ್ನೆ ಮಾಡು.”

ವಿಲ್ಫ್ರೆಡ್ ಕೈಯಲ್ಲಿದ್ದ ಜಾಕೆಟ್ಟನ್ನು ಜೈಲ್ಸ್‌ನ ಎದೆಗೆ ಒತ್ತಿದ.

“ಎಲ್ಲರೂ ಇವನ್ನೇ ಹಾಕ್ಕೊಳ್ಳಿ. ಹೋಗಿ ಸಾಲಾಗಿ ನಿಲ್ಲಿ.”

“ಕತ್ತಲಾಗಿದೆ ಕಣೋ...”

“ನಿಲ್ಲಿ ಅಂದೆ.”

*

ಶವದ ಗಾಡಿಯ ಮುಂದಿನ ಸೀಟಿನಲ್ಲಿ, ಚಾಲಕನ ಪಕ್ಕ, ವಿಲ್ಫ್ರೆಡ್ ಕೂತಿದ್ದ. ಬೆನ್ನ ಹಿಂದೆ ಮ್ಯೂರಿಯಲ್. ಅದರ ಹಿಂದೆ ಎನಿಡ್‌ಳ ಕಾರು. ಗೇಟು ದಾಟುವಾಗ ಖಾಲಿ ಮೊಳೆಗಳು ಕಂಡವು. ಗಾಡಿ ರಸ್ತೆಗೆ ತಿರುಗಿತು. ಬಯಲಿನಿಂದ ಮಂಜು ಎದ್ದು ಕಾಲುವೆಯ ಅಂಚು ನುಂಗಿತ್ತು. ಚಾಲಕ ದೀಪಗಳನ್ನು ಪೂರ್ತಿ ಹಾಕಿದ.

“ಸಾಲು ನಿಲ್ಸಿದೀನಿ ಅಂದ್ರಲ್ಲ ಸಾರ್,” ಎಂದ ಅವನು, ಮುಂದಕ್ಕೆ ಬಾಗಿ. “ಯಾರೂ ಬಂದಂಗಿಲ್ವಲ್ಲ.”

ವಿಲ್ಫ್ರೆಡ್ ಗಾಜಿನಾಚೆ ನೋಡಿದ. ರಸ್ತೆ ಬರೀ ಕಪ್ಪಗಿತ್ತು.

ಮರುಕ್ಷಣ ಚಾಲಕ ಅಯ್ಯೋ ಎಂದು ಬ್ರೇಕ್ ಒತ್ತಿದ. ಹಿಂದೆ ಶವಪೆಟ್ಟಿಗೆ ಮುಂದಕ್ಕೆ ಜಾರಿ ತಡೆಗೆ ಬಡಿಯಿತು. ಗಾಡಿಯ ಮೂತಿಗೆ ಒಂದು ಮೊಳ ದೂರದಲ್ಲಿ ಜೈಲ್ಸ್‌ನ ಬೆದರಿದ ಮುಖವಿತ್ತು. ಅವನ ಹಿಂದೆ ಕ್ಲೆಮ್, ಅದರಾಚೆ ಮಬ್ಬು ಗುಪ್ಪೆಗಳ ಹಾಗೆ ಒಬ್ಬೊಬ್ಬರಾಗಿ ಉಳಿದವರು, ತಲೆ ತಗ್ಗಿಸಿ, ಗರಿಗರಿ ಇಸ್ತ್ರಿಯಲ್ಲಿ.

“ಒಂದು ಚೂರೂ ಕಾಣ್ಲಿಲ್ಲ ಸಾರ್!” ಚಾಲಕ ವಿಲ್ಫ್ರೆಡ್‌ನತ್ತ ತಿರುಗಿದ. “ದೀಪ ಹಾಕಿದೀನಿ, ನೀವೇ ನೋಡಿ. ಏನೂ ಕಾಣ್ಲಿಲ್ಲ!” ಅವನು ಉಸಿರೆಳೆದುಕೊಂಡು ಮುಂದಕ್ಕೆ ಬೆರಳು ತೋರಿದ. “ಅಲ್ನೋಡಿ, ಆ ತಿರುವಲ್ಲಿರೋರು ಎಷ್ಟು ದೂರದಿಂದ್ಲೇ ಕಾಣ್ತಾರೆ.”

ತಿರುವಿನಲ್ಲಿ, ಮ್ಯೂರಿಯಲ್ ಬಿದ್ದ ಜಾಗದಲ್ಲಿ, ಎರಡು ಪಟ್ಟಿಗಳು ಬೆಳ್ಳಗೆ ಉರಿಯುತ್ತಿದ್ದವು. ಬ್ರಯೊನಿ ಕಾಲುವೆಯ ಅಂಚಿಗೆ ಬಗ್ಗಿ ಹೂ ಇಡುತ್ತಿದ್ದಳು. ಎದ್ದು ನಿಂತು, ಬೆಳಕಿಗೆ ಕೈ ಅಡ್ಡ ಹಿಡಿದು, ಗಾಡಿಯ ಕಡೆಗೆ ನೋಡಿದಳು.

ವಿಲ್ಫ್ರೆಡ್ ಅವಳನ್ನು ನೋಡುತ್ತಲೇ ಇದ್ದ.

“ದೀಪ ಆರಿಸು,” ಎಂದ.

“ಸಾರ್? ಈ ಕತ್ತಲಲ್ಲಾ?”

“ಆರಿಸು ಅಂದೆ. ಇಲ್ಲಿ ನೀನೂ ಏನೂ ನೋಡಿಲ್ಲ, ನಾನೂ ನೋಡಿಲ್ಲ. ತಿರುವಿನ ತನಕ ದಾರಿ ನೇರಕ್ಕಿದೆ. ಮೆಲ್ಲಗೆ ಹೋಗು.”

ಚಾಲಕ ದೀಪ ಆರಿಸಿದ. ತಿರುವಿನಲ್ಲಿ ಹುಡುಗಿಯೂ ಆರಿಹೋದಳು. ಗಾಡಿ ಮುಂದಕ್ಕೆ ಉರುಳಿತು.