ದೇವರ ಮುಂದಿಟ್ಟ ಓಟ್ಸ್

ಮಣಿಕೊಂಡದ ಸುತ್ತ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಂಥದೊಂದರೊಳಗೆ ಕೂತು ಕಂಪ್ಯೂಟರ್ ನೋಡುತ್ತಿದ್ದ ನಿಶಾಂತನಿಗೆ ಮೂವತ್ತಾರಕ್ಕೇ ರಕ್ತದಲ್ಲಿ ಸಕ್ಕರೆ ಏರಿತು. "ಮೂರು ತಿಂಗಳು ನೋಡೋಣ. ಇಳಿಯದಿದ್ದರೆ ಮಾತ್ರೆ, ಜೀವನಪೂರ್ತಿ" ಎಂದರು ಡಾಕ್ಟರು.

ಅಂದೇ ಫ್ರಿಜ್ಜಿನ ಮೇಲೊಂದು ಚಾರ್ಟು ಬಂತು. ಬೆಳಿಗ್ಗೆ ನೀರಲ್ಲಿ ಬೇಯಿಸಿದ ಓಟ್ಸ್, ರಾತ್ರಿ ಸೌತೆಕಾಯಿ. ಬೆಲ್ಲ, ತುಪ್ಪ, ರೊಟ್ಟಿ ಮನೆ ಬಿಟ್ಟವು. ಸಕ್ಕರೆ ಏರಿದ್ದು ಒಬ್ಬನಿಗೆ, ಸೊರಗಿದ್ದು ಹೆಂಡತಿ ನಲಿನಿ, ತಾಯಿ ಗದಿಗೆಮ್ಮ, ಕೊನೆಗೆ ದೇವರ ಜಗಲಿಯ ಮೇಲಿನ ಲಿಂಗ ಕೂಡ. ದೇವರಿಗೆ ತೋರಿಸದ್ದನ್ನು ಆ ಮನೆಯಲ್ಲಿ ಯಾರೂ ಬಾಯಿಗಿಡುವಂತಿರಲಿಲ್ಲ. ಗದಿಗೆಮ್ಮ ವಿಭೂತಿ ಹಚ್ಚಿ, ಗಂಟೆ ಬಾರಿಸಿ, ದಿನವೂ ಓಟ್ಸನ್ನೇ ನೈವೇದ್ಯ ಹಿಡಿದಳು. ದೇವರು ಏನೂ ಅನ್ನಲಿಲ್ಲ. ಹೋಳಿಗೆ ಹಿಡಿದಾಗಲೂ ಅಂದವನಲ್ಲ.

ನಿಶಾಂತನ ಮೈ ಇಳಿಯಲಿಲ್ಲ, ಸಿಟ್ಟು ಏರಿತು.

"ಇದಕ್ಕ ಉಪ್ಪು ಹಾಕೀಯೇನ?"

"ಇಲ್ರಿ. ನನ್ನ ಕಣ್ಣೀರು ಬಿದ್ದಿರಬೇಕು" ಎಂದಳು ನಲಿನಿ.

ಶ್ರಾವಣ ಬಂತು. ಮಗನ ಸಕ್ಕರೆ ಇಳಿಯಲೆಂದು ಗದಿಗೆಮ್ಮ ಹರಕೆ ಹೊತ್ತಳು: ಅವನು ಒಂದು ದಿನ ತಿನ್ನುವುದೆಲ್ಲವೂ ಸೋಮವಾರ ಲಿಂಗದ ಮುಂದೆ ಬರಬೇಕು. ಆಫೀಸಿನ ಊಟ ಅವಳಿಗೆ ಗೊತ್ತಿಲ್ಲ. ಮಗನನ್ನು ಆಫೀಸಿಗೆ ಕರೆದೊಯ್ಯುವ ಕ್ಯಾಬ್ ಡ್ರೈವರ್ ಮಲ್ಲಪ್ಪ ಬೀದರ ಕಡೆಯವ, ಅವನಿಗೇ ಹೇಳಿದಳು. "ಅವಾ ಹೊರಗ ಏನೇನ ತಿಂತಾನ, ಅಷ್ಟೂ ತಂದ ಕೊಡಪಾ ತಮ್ಮಾ. ದೇವರ ಕೆಲಸ ಐತಿ."

ಸೋಮವಾರ ಸಂಜೆ ನಿಶಾಂತನ ಹಿಂದೆಯೇ ಮಲ್ಲಪ್ಪ ಮೆಟ್ಟಿಲೇರಿ ಬಂದ. ಎರಡೂ ಕೈಯಲ್ಲಿ ಚೀಲ. ಗದಿಗೆಮ್ಮ ಒಂದೊಂದೇ ತೆಗೆದು ಓಟ್ಸಿನ ಬಟ್ಟಲ ಪಕ್ಕಕ್ಕೆ ಜೋಡಿಸಿದಳು. ನಾಲ್ಕು ಸಮೋಸಾ, ಮಿರ್ಚಿ ಭಜಿ, ಉಸ್ಮಾನಿಯಾ ಬಿಸ್ಕೀಟು, ಎರಡು ಬಾಟಲಿ ಕೋಲಾ, ಮನೆಗೆ ಬರುವ ದಾರಿಯಲ್ಲಿ ಮೆಹದಿಪಟ್ಟಣಂನಲ್ಲಿ ಇಳಿದು ತಿನ್ನುವ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ.

"ಶುಕ್ರವಾರದ ಬಿರಿಯಾನಿ ಬ್ಯಾರೆ ಐತ್ರಿ ಅವ್ವಾರ" ಎಂದ ಮಲ್ಲಪ್ಪ ಸಂಕೋಚದಿಂದ. "ಮಟನ್ ಅದು, ದೇವರ ಮುಂದ ಹೆಂಗ ತರೋದು ಅಂತ ಬಿಟ್ಟೆ."

ಗದಿಗೆಮ್ಮ ಬೈಯಲಿಲ್ಲ. ದೀಪ ಹಚ್ಚಿದಳು, ಗಂಟೆ ಬಾರಿಸಿದಳು, ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತಳು. ಆಮೇಲೆ ಮಗನ ಕಡೆ ತಿರುಗಿದಳು.

"ಕೈ ಮುಗಿಯಪಾ. ನಿನ್ನ ಸಲುವಾಗಿ ದೇವರೂ ಇಷ್ಟೆಲ್ಲಾ ತಿನ್ನಬೇಕಾತು. ಅವನಿಗೆ ಮಾತ್ರಿ ಕೊಡೋ ಡಾಕ್ಟರ ಎಲ್ಲಿ ಅದಾನ?"

ನಿಶಾಂತ ತಲೆ ತಗ್ಗಿಸಿ ಕೈ ಮುಗಿದ. ನಲಿನಿ ಫ್ರಿಜ್ಜಿನ ಚಾರ್ಟು ಕಿತ್ತು ತಂದು ಸಮೋಸಾದ ಕೆಳಗೆ ಹಾಸಿದಳು. "ಎಣ್ಣಿ ಭಾಳ ಸೋರಾಕತ್ತೈತ್ರಿ."

ಮರುದಿನದಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು. ಅದೇ ಆಫೀಸಿಗೂ ಡಬ್ಬಿಯಲ್ಲಿ ಹೋಯಿತು. ನಿಶಾಂತ ಎಷ್ಟು ಬೇಡಿಕೊಂಡರೂ ಮಲ್ಲಪ್ಪ ಮೆಹದಿಪಟ್ಟಣಂನಲ್ಲಿ ಬ್ರೇಕು ಒತ್ತಲಿಲ್ಲ. ವಾರ ಕಳೆಯುವುದರೊಳಗೆ ನಿಶಾಂತನಿಗೆ ರಾತ್ರಿ ಸರಿಯಾಗಿ ನಿದ್ದೆ ಹತ್ತಿತು. ಸಿಟ್ಟಿನಲ್ಲಿ ತಟ್ಟೆ ತಳ್ಳುವುದು ನಿಂತಿತು.

ಮೂರು ತಿಂಗಳು ತುಂಬಿದಾಗ ಸಕ್ಕರೆ ಇಳಿದಿತ್ತು. ಮಾತ್ರೆ ಬೇಡವೆಂದ ಡಾಕ್ಟರು ಬೆರಗಾಗಿ ಕೇಳಿದರು: "ಏನು ತಿಂದಿರಿ?"

ಪಕ್ಕದಲ್ಲೇ ನಲಿನಿ ಕೂತಿದ್ದಳು. "ಓಟ್ಸ್" ಎಂದ ನಿಶಾಂತ.

ಆ ಸಂಜೆ ಎಲ್ಲರ ತಟ್ಟೆಗೂ ಬಿಸಿ ರೊಟ್ಟಿ ಬಿತ್ತು. ನಿಶಾಂತನ ತಟ್ಟೆಗೆ ಮಾತ್ರ ಅವನು ಹೇಳಿದ್ದೇ ಬಿತ್ತು, ಉಪ್ಪಿಲ್ಲದೆ.